ವಾರದ ಕೊನೆಗೆ ಉಳಿಯುವ ಎರಡು ದಿನ

(ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಇವತ್ತಿನ ಮಾತು ನಿಮ್ಮ ಶನಿವಾರ, ಭಾನುವಾರಗಳ ಬಗ್ಗೆ. ಎಂ.ಎ., ಎಂ.ಎಸ್ಸಿ. ಓದುತ್ತಲೋ ಪಿಎಚ್.ಡಿ.ಗೆ ನೋಂದಾಯಿಸಿಕೊಂಡೋ ಇದ್ದು, ರಜೆಯ ಎರಡು ದಿನಗಳನ್ನು ಗೆಳೆಯರ ಜೊತೆ ಕಳೆಯುವವರ ಬಗ್ಗೆ, ಆ ಗೆಳೆಯರನ್ನೇ ಕಟ್ಟಿಕೊಂಡು ಒಂದು ಸಿನಿಮಾ ಮಾಡಲು ಹೊರಡುವವರ ಬಗ್ಗೆ. ದತ್ತಿ ಉಪನ್ಯಾಸಕ್ಕೆ ಇದು ತಕ್ಕ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ತಕ್ಕದ್ದೆಂದೇ ನನ್ನ ನಂಬಿಕೆ. ತರಗತಿಯೊಳಗೆ ಏನು ನಡೆಯಬೇಕು ಎಂಬ ಚರ್ಚೆ ನಮ್ಮಲ್ಲಿ ಬೇಕಾದಷ್ಟು ಆಗಿದೆ. ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಯಾರ ಜೊತೆ, ಏನು ಮಾಡುತ್ತಾ ಬೆಳೆಯುತ್ತಾನೆ ಎಂಬುದನ್ನು ಮೇಷ್ಟ್ರುಗಳಾದ ನಾವು ಒಂದೋ ಶಿಸ್ತಿನ ಪ್ರಶ್ನೆಯಾಗಿ ನೋಡಿದ್ದೇವೆ, ಇಲ್ಲವೇ ನೋಡಿಯೇ ಇಲ್ಲ.

ಸಿನಿಮಾದ ಹುಚ್ಚು ಹತ್ತಿದ ವಿದ್ಯಾರ್ಥಿಗಳು ನನ್ನ ಕೊಠಡಿಗೆ ಬಂದು ಕೇಳುವುದು ಬಹುಮಟ್ಟಿಗೆ ಒಂದೇ ಮಾತು: “ಮೇಡಂ, ಎರಡನ್ನೂ ಹೇಗೆ ಮ್ಯಾನೇಜ್ ಮಾಡೋದು?” ಅವರಿಗೆ ಬೇಕಾದದ್ದು ಒಂದು ಟೈಮ್‌ಟೇಬಲ್ಲು. ಬೆಳಿಗ್ಗೆ ಇಷ್ಟು ಗಂಟೆ ಓದು, ಸಂಜೆ ಇಷ್ಟು ಗಂಟೆ ಸ್ಕ್ರಿಪ್ಟು, ಭಾನುವಾರ ಶೂಟಿಂಗು. ಅಂಥ ಪಟ್ಟಿ ಬರೆದುಕೊಡುವುದು ಕಷ್ಟವಲ್ಲ. ಆದರೆ ಆ ಪಟ್ಟಿಯಿಂದ ಕೆಲಸವಾದದ್ದನ್ನು ನಾನು ಕಂಡಿಲ್ಲ. ಸಿನಿಮಾ ದೊಡ್ಡದಾಗಿದ್ದರೆ ಯಾವ ಪಟ್ಟಿಯಲ್ಲೂ ಅದು ಹಿಡಿಸುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ದುಡ್ಡಿನ ವಿಚಾರಕ್ಕೆ ಹೇಳುತ್ತೇವೆ. ಸಮಯದ ವಿಚಾರಕ್ಕೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಓದಿನ ಜೊತೆ ಸಿನಿಮಾ ಮಾಡುವವರು ವಾರಾಂತ್ಯದ ಅಳತೆಗೆ ಹುಟ್ಟುವ ಸಿನಿಮಾವನ್ನೇ ಮಾಡಬೇಕು. ಕಥೆ, ದೃಶ್ಯ, ಪಾತ್ರ, ಜಾಗ ಎಲ್ಲವನ್ನೂ ಆ ಎರಡು ದಿನಗಳೇ ತೀರ್ಮಾನಿಸಬೇಕು. ಹಾಗೆ ಮಾಡಿದರೆ ಸಿನಿಮಾ ಸೊರಗುತ್ತದೆ ಎಂಬ ಭಯ ಬೇಡ. ಹಾಗೆಯೇ ಹುಟ್ಟಿದ ಒಂದು ದೊಡ್ಡ ಸಿನಿಮಾದ ಕಥೆಯನ್ನು ಈಗ ಹೇಳುತ್ತೇನೆ.

ಅಮೆರಿಕದ ಲಾಸ್ ಏಂಜಲೀಸ್ ನಗರದ ದಕ್ಷಿಣ ಭಾಗದಲ್ಲಿ ವಾಟ್ಸ್ ಎಂಬ ಬಡಾವಣೆ ಇದೆ. ಕಪ್ಪು ಜನ, ದುಡಿಯುವ ಜನ ಹೆಚ್ಚಾಗಿ ಇದ್ದ ಜಾಗ. 1965ರ ಆಗಸ್ಟಿನಲ್ಲಿ ಅಲ್ಲಿ ದಂಗೆ ಎದ್ದು 34 ಮಂದಿ ಸತ್ತರು. ಆ ಬಡಾವಣೆಯಲ್ಲಿ ಬೆಳೆದವರು ಚಾರ್ಲ್ಸ್ ಬರ್ನೆಟ್. ಹುಟ್ಟಿದ್ದು 1944ರಲ್ಲಿ, ಮಿಸಿಸಿಪಿ ರಾಜ್ಯದಲ್ಲಿ. ಮೊದಲು ಎಲೆಕ್ಟ್ರಾನಿಕ್ಸ್ ಓದಿದರು, ಆಮೇಲೆ ಮನಸ್ಸು ಬದಲಾಯಿಸಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ, ಅಂದರೆ ಯುಸಿಎಲ್‌ಎಯಲ್ಲಿ, ಸಿನಿಮಾ ವಿಭಾಗಕ್ಕೆ ಸೇರಿದರು. ಸ್ನಾತಕೋತ್ತರ ಪದವಿಗೆ ಪ್ರಬಂಧದ ಜಾಗದಲ್ಲಿ ಒಂದು ಚಿತ್ರ ಮಾಡಿ ಒಪ್ಪಿಸಬೇಕಿತ್ತು. ಅವರು ಒಪ್ಪಿಸಿದ್ದು ‘ಕಿಲ್ಲರ್ ಆಫ್ ಶೀಪ್’. ಕುರಿ ಕಡಿಯುವ ಕಸಾಯಿಖಾನೆಯಲ್ಲಿ ದುಡಿಯುವ ಸ್ಟ್ಯಾನ್ ಎಂಬವನ, ಅವನ ಹೆಂಡತಿಯ, ಮಕ್ಕಳ, ನೆರೆಹೊರೆಯವರ ಸಿನಿಮಾ ಅದು.

ಚಿತ್ರೀಕರಣದ ಬಹುಪಾಲು ನಡೆದದ್ದು 1972 ಮತ್ತು 1973ರ ವಾರಾಂತ್ಯಗಳಲ್ಲಿ. ಕೆಲವು ಭಾಗಗಳನ್ನು 1975ರಲ್ಲಿ ಸೇರಿಸಿದರು. 16 ಎಂ.ಎಂ. ಕಪ್ಪು ಬಿಳುಪು ಫಿಲ್ಮು, ಒಟ್ಟು ಖರ್ಚು ಹತ್ತು ಸಾವಿರ ಡಾಲರಿನೊಳಗೆ. ಬರೆದದ್ದು, ನಿರ್ದೇಶಿಸಿದ್ದು, ಕ್ಯಾಮೆರಾ ಹಿಡಿದದ್ದು, ಎಡಿಟ್ ಮಾಡಿದ್ದು ಬರ್ನೆಟ್ ಅವರೇ. ನಟಿಸಿದವರಲ್ಲಿ ಹೆಚ್ಚಿನವರು ಗೆಳೆಯರು, ಬಡಾವಣೆಯ ಜನ, ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು. ಧ್ವನಿಮುದ್ರಣ ನೋಡಿಕೊಂಡ ಗೆಳೆಯ ಚಾರ್ಲ್ಸ್ ಬ್ರೇಸಿ ಒಂದು ಪಾತ್ರವನ್ನೂ ಮಾಡಿದರು. ಮುಖ್ಯ ಪಾತ್ರಕ್ಕೆ ಬರ್ನೆಟ್ ಅಂದುಕೊಂಡಿದ್ದವರು ಜೈಲಿನಲ್ಲಿದ್ದರು. ಪೆರೋಲ್ ಸಿಕ್ಕೀತೆಂದು ಕಾದರು. ಅದು ಸಿಗಲಿಲ್ಲ. ಕೊನೆಗೆ ಆ ಪಾತ್ರ ಹೆನ್ರಿ ಸ್ಯಾಂಡರ್ಸ್ ಅವರದ್ದಾಯಿತು. ಸ್ಯಾಂಡರ್ಸ್ ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದವರು. ಆ ಮುಖದ ದಣಿವನ್ನು ನೋಡಿದ ಮೇಲೆ ಬೇರೆ ಸ್ಟ್ಯಾನ್‌ನನ್ನು ನಾನಂತೂ ಊಹಿಸಿಕೊಳ್ಳಲಾರೆ.

ಈ ಚಿತ್ರದ ಒಂದು ದೃಶ್ಯವನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಉಪನ್ಯಾಸಕ್ಕೆ ಅದೇ ಆಧಾರ. ಸ್ಟ್ಯಾನ್ ಮತ್ತು ಅವನ ಗೆಳೆಯ ಹಳೆಯ ಕಾರಿಗೊಂದು ಎಂಜಿನ್ ಕೊಳ್ಳಲು ಹೋಗುತ್ತಾರೆ. ಎಂಜಿನ್ ಇರುವುದು ಯಾರದೋ ಮನೆಯಲ್ಲಿ. ಕೈಯಲ್ಲಿರುವ ಚಿಲ್ಲರೆ ಹಣ ಕೊಟ್ಟು, ಇಬ್ಬರೇ ಅದನ್ನು ಎತ್ತಿಕೊಂಡು ಹೊರಗಿನ ಮೆಟ್ಟಿಲಲ್ಲಿ ಒಂದೊಂದೇ ಹೆಜ್ಜೆ ಇಳಿಯುತ್ತಾರೆ. ಭಾರ ನಿಜವಾದದ್ದು. ಉಸಿರು ಕಟ್ಟುತ್ತದೆ, ಮಂಡಿ ನಡುಗುತ್ತದೆ. ಅಂತೂ ಇಳಿಸಿ ಪಿಕಪ್ ಗಾಡಿಯ ಹಿಂಬದಿಯ ಅಂಚಿಗೆ ಇಡುತ್ತಾರೆ. ಇನ್ನೊಂದಿಷ್ಟು ಒಳಕ್ಕೆ ತಳ್ಳೋಣವೇ? ಇರಲಿ ಬಿಡು, ಸಾಕು. ಗಾಡಿ ಹೊರಡುತ್ತದೆ, ರಸ್ತೆ ಇಳಿಜಾರು, ಎಂಜಿನ್ ಜಾರಿ ಟಾರಿನ ಮೇಲೆ ಬೀಳುತ್ತದೆ. ಇಳಿದು ನೋಡಿದರೆ ಒಡೆದಿದೆ, ಇನ್ನು ಕೆಲಸಕ್ಕೆ ಬಾರದು. ಮತ್ತೆ ಗಾಡಿ ಹತ್ತುತ್ತಾರೆ. ಕ್ಯಾಮೆರಾ ಗಾಡಿಯ ಹಿಂದಿನಿಂದ ನೋಡುತ್ತಿರುತ್ತದೆ, ನಡುರಸ್ತೆಯಲ್ಲಿ ಬಿದ್ದ ಎಂಜಿನ್ ಸಣ್ಣದಾಗುತ್ತಾ ಹೋಗುತ್ತದೆ.

ಇಷ್ಟೇ. ಒಂದು ಮನೆ, ಒಂದು ಮೆಟ್ಟಿಲ ಸಾಲು, ಒಂದು ಗಾಡಿ, ಇಬ್ಬರು ಮೂವರು ಜನ. ಕೈಗೆ ಸಿಗುವ ಜಾಗದಲ್ಲಿ, ಗೆಳೆಯರನ್ನು ಇಟ್ಟುಕೊಂಡು ತೆಗೆಯಬಹುದಾದ ದೃಶ್ಯ ಇದು. ಆದರೂ ಒಂದು ಸಂಬಳದ ಹಣ, ಒಂದು ಆಸೆ, ಒಂದು ಬಡಾವಣೆಯ ಬದುಕು ಪೂರ್ತಿಯಾಗಿ ಅದರಲ್ಲಿ ಬಂದುಬಿಟ್ಟಿದೆ. ‘ಕಿಲ್ಲರ್ ಆಫ್ ಶೀಪ್’ ಇಡೀ ಹೀಗೆಯೇ ಇದೆ. ಒಂದು ದೃಶ್ಯದ ಪರಿಣಾಮ ಮುಂದಿನ ದೃಶ್ಯದಲ್ಲಿ ಕಾಣಲೇಬೇಕೆಂಬ ಹಟ ಅದಕ್ಕಿಲ್ಲ. ಮಕ್ಕಳು ಒಂದು ಮನೆಯ ಮಾಡಿನಿಂದ ಇನ್ನೊಂದಕ್ಕೆ ಹಾರುತ್ತಾರೆ. ಗಂಡ ಹೆಂಡತಿ ಕಿಟಕಿಯ ಬೆಳಕಿನಲ್ಲಿ ಒಂದು ಹಾಡಿಗೆ ಮೆಲ್ಲಗೆ ಕುಣಿಯುತ್ತಾರೆ, ಹಾಡು ಮುಗಿದೊಡನೆ ಅವನು ಕೈಬಿಟ್ಟು ಹೋಗುತ್ತಾನೆ. ಒಂದೊಂದೂ ತನ್ನಷ್ಟಕ್ಕೆ ಪೂರ್ಣ. ಬಿಟ್ಟು ಬಿಟ್ಟು ಬರುವ ರಜಾದಿನಗಳಲ್ಲಿ ಕೆಲಸ ಮಾಡುವವರಿಗೆ ಇಂಥ ರಚನೆಗಿಂತ ಒಳ್ಳೆಯದು ಬೇರೆ ಇಲ್ಲ. ಒಂದು ವಾರ ಯಾರೋ ಬರದಿದ್ದರೆ ಇಡೀ ಸಿನಿಮಾ ಬಿದ್ದುಹೋಗುವುದಿಲ್ಲ. ಬರ್ನೆಟ್ ಈ ರೂಪವನ್ನು ಆರಿಸಿಕೊಂಡದ್ದು ಸಮಯದ ಒತ್ತಡದಿಂದ ಮಾತ್ರ ಎಂದು ನಾನು ಹೇಳುತ್ತಿಲ್ಲ. ತನ್ನ ಜನರ ದಿನಗಳಿಗೆ ಇದ್ದ ರೂಪವೂ ಅದೇ ಎಂದು ಅವರು ಕಂಡುಕೊಂಡಿದ್ದರು. ಎರಡೂ ಒಂದಕ್ಕೊಂದು ಕೂಡಿಬಂದದ್ದು ನಮಗೆ ಪಾಠ.

ಪದವಿಗೆ ಚಿತ್ರವನ್ನು ಒಪ್ಪಿಸಿದ್ದು 1977ರಲ್ಲಿ. 1981ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು. ಒಬ್ಬ ವಿದ್ಯಾರ್ಥಿ ರಜಾದಿನಗಳಲ್ಲಿ ಗೆಳೆಯರ ಜೊತೆ ಮಾಡಿದ ಪ್ರಬಂಧ ಅದು ಎಂಬುದನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳಿ.

ಈಗ ನಿಮ್ಮ ಕಡೆಗೆ ಬರುತ್ತೇನೆ. ನಮ್ಮ ಹಾಸ್ಟೆಲಿನ ತಾರಸಿಯ ಮೇಲೆ ನಡೆಯುತ್ತಿದ್ದ ಒಂದು ಶೂಟಿಂಗಿಗೆ ವಿದ್ಯಾರ್ಥಿಗಳು ಕರೆದಿದ್ದರು, ಹೋಗಿದ್ದೆ. ಜೇಡರ ಬಲೆ ತೆಗೆಯುವ ಉದ್ದನೆಯ ಕೋಲಿನ ತುದಿಗೆ ಮೈಕ್ ಕಟ್ಟಿ, ಒಬ್ಬ ಹುಡುಗಿ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಇನ್ನೊಬ್ಬ ಥರ್ಮಾಕೋಲ್ ಹಾಳೆ ಹಿಡಿದು ನಟನ ಮುಖಕ್ಕೆ ಬಿಸಿಲು ತಿರುಗಿಸುತ್ತಿದ್ದ. ನಟ ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ, ಪಾತ್ರ ಊರಿನಿಂದ ಬಂದ ಫೋನ್ ಕರೆಗೆ ಉತ್ತರಿಸುವ ಮಗ. “ರೋಲಿಂಗ್” ಅಂದದ್ದೇ ತಡ, ಕೆಳಗೆ ಬೋರ್‌ವೆಲ್ ಮೋಟರ್ ಶುರುವಾಯಿತು. ಮೋಟರ್ ನಿಲ್ಲಿಸಲು ಹೇಳುವ ಹಾಗಿಲ್ಲ, ಟ್ಯಾಂಕ್ ತುಂಬದಿದ್ದರೆ ಇಡೀ ಹಾಸ್ಟೆಲಿಗೆ ನೀರಿಲ್ಲ. ಕಾದರು. ಟ್ಯಾಂಕ್ ತುಂಬಿ ಮೋಟರ್ ನಿಲ್ಲುವ ಹೊತ್ತಿಗೆ ಬಟ್ಟೆ ಒಣಹಾಕುವ ಹಗ್ಗದ ನೆರಳು ಗೋಡೆಯಿಂದ ನಟನ ಭುಜಕ್ಕೆ ಸರಿದಿತ್ತು. ಮೊದಲಿನ ಶಾಟಿಗೂ ಇದಕ್ಕೂ ಹೊಂದುವುದಿಲ್ಲ. ಕ್ಯಾಮೆರಾ ಹಿಡಿದಿದ್ದ ಹುಡುಗ ಸ್ವಲ್ಪ ಯೋಚಿಸಿ, “ಹಗ್ಗಕ್ಕೆ ಎರಡು ಬಟ್ಟೆ ಹಾಕ್ರೋ, ಅಮ್ಮ ಫೋನ್ ಮಾಡಿದಾಗ ಅವನು ಬಟ್ಟೆ ತೆಗೀತಾ ಇರ್ಲಿ” ಅಂದ. ದೃಶ್ಯ ಹಿಂದಿನದ್ದಕ್ಕಿಂತ ಚೆನ್ನಾಯಿತು. ಮಾತಾಡುವಾಗ ಏನು ಮಾಡಬೇಕೆಂದು ತೋಚದೆ ಪರದಾಡುತ್ತಿದ್ದ ಅವನ ಕೈಗಳಿಗೆ ಕೆಲಸ ಸಿಕ್ಕಿತ್ತು.

ಅವರು ಮೋಟರ್ ನಿಲ್ಲುವವರೆಗೆ ಗದ್ದಲವಿಲ್ಲದೆ, ತಾವು ನಿಂತ ಜಾಗ ಬಿಡದೆ ಕಾದ ರೀತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ತರಗತಿಯಲ್ಲಿ ನಾವು ಕೇಳುವ ಗಮನ ಅದೇ. ಅಲ್ಲಿ ಯಾರೂ ಕೇಳದೆ ಬಂದಿತ್ತು, ಒಬ್ಬರ ಗಮನ ತಪ್ಪಿದರೂ ಎಲ್ಲರ ಕೆಲಸ ಕೆಡುತ್ತದೆ ಎಂಬ ಅರಿವಿನಿಂದ. ಸ್ನಾತಕೋತ್ತರ ಓದು, ಅದರಲ್ಲೂ ಸಂಶೋಧನೆ, ಒಂಟಿ ಕೆಲಸ. ನಿಮ್ಮ ಅಧ್ಯಾಯ ನಿಂತರೆ ನಿಂತದ್ದು ನಿಮ್ಮೊಬ್ಬರದ್ದೇ, ಪಕ್ಕದ ಕೋಣೆಯವರಿಗೆ ಗೊತ್ತೂ ಆಗುವುದಿಲ್ಲ. ಪಿಎಚ್.ಡಿ. ಮಾಡುವವರಿಗೆ ಯುಜಿಸಿಯ 2022ರ ನಿಯಮ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ ಕೊಡುತ್ತದೆ. ಅಷ್ಟು ಕಾಲ ತನ್ನ ಕೆಲಸ ಇನ್ನೊಬ್ಬರಿಗೆ ಬೇಕು ಎಂಬ ಅನುಭವವೇ ಇಲ್ಲದೆ ಬದುಕುವುದು ಒಳ್ಳೆಯದಲ್ಲ. ಮೈಕಿನ ಕೋಲು ಹಿಡಿದ ಹುಡುಗಿಗೆ ಆ ಬೆಳಿಗ್ಗೆ ಆ ಅನುಭವ ಇತ್ತು.

ಹಾಗಾದರೆ ತೊಂದರೆ ಎಲ್ಲಿ? ಶೂಟಿಂಗ್ ದಿನದಲ್ಲಲ್ಲ. ಓದು ಕೆಡುವುದು ಭಾನುವಾರದಿಂದ ಎಂದು ಮನೆಯವರೂ ಗೈಡುಗಳೂ ತಿಳಿಯುತ್ತಾರೆ. ನಾನು ಕಂಡ ಹಾಗೆ ಅದು ಕೆಡುವುದು ಮಂಗಳವಾರ ರಾತ್ರಿ. ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ತೆಗೆದದ್ದನ್ನು ಹಾರ್ಡ್ ಡಿಸ್ಕಿಗೆ ಇಳಿಸಬೇಕು, ಟೇಕುಗಳನ್ನು ಆರಿಸಬೇಕು, ಧ್ವನಿಯನ್ನು ತುಟಿಗೆ ಹೊಂದಿಸಬೇಕು, ಸರಿಬರದ ಕಡೆ ಡಬ್ಬಿಂಗ್ ಮಾಡಬೇಕು, ಬಣ್ಣ ಸರಿಪಡಿಸಬೇಕು. ಇದೆಲ್ಲವೂ ಒಬ್ಬರ ಅಥವಾ ಇಬ್ಬರ ತಲೆಯ ಮೇಲೆ ಬರುತ್ತದೆ. ಥೀಸಿಸ್ಸಿನ ಅಧ್ಯಾಯವೂ ಸಿನಿಮಾದ ಫೂಟೇಜೂ ಒಂದೇ ಲ್ಯಾಪ್‌ಟಾಪಿನಲ್ಲಿ ಇರುತ್ತವೆ, ಅಧ್ಯಾಯ ತೆರೆಯಲು ಕುಳಿತವರ ಕೈ ತಾನಾಗಿ ಎಡಿಟಿಂಗ್ ಕಡೆಗೆ ಹೋಗುತ್ತದೆ. ಎಡಿಟಿಂಗಿಗೆ ಗೆಳೆಯರ ಸಹವಾಸವೂ ಇಲ್ಲ, ರಜೆಯ ಖುಷಿಯೂ ಇಲ್ಲ. ರಾತ್ರಿ ಎರಡು ಗಂಟೆಯವರೆಗೆ ಕುಳಿತವರು ಬೆಳಿಗ್ಗೆ ಸೆಮಿನಾರಿನಲ್ಲಿ ತೂಕಡಿಸುತ್ತಾರೆ.

ಆದ್ದರಿಂದ ನನ್ನ ಸಲಹೆ ಸ್ಪಷ್ಟ. ಶೂಟಿಂಗನ್ನು ಸೆಮಿಸ್ಟರಿನ ಆರಂಭದ ವಾರಗಳಿಗೆ ಇಟ್ಟುಕೊಳ್ಳಿ, ಇಂಟರ್ನಲ್ಸ್ ಶುರುವಾಗುವ ಮೊದಲು. ಎಡಿಟಿಂಗನ್ನು ಪರೀಕ್ಷೆ ಮುಗಿದ ಮೇಲಿನ ರಜೆಗೆ ಬಿಡಿ. ನಡುವೆ ಫೂಟೇಜನ್ನು ಮುಟ್ಟಬೇಡಿ. ತೆಗೆದದ್ದು ಎಲ್ಲಿಗೂ ಓಡಿಹೋಗುವುದಿಲ್ಲ. ಬರ್ನೆಟ್ ಚಿತ್ರೀಕರಣ ಶುರುಮಾಡಿದ ವರ್ಷಕ್ಕೂ ಚಿತ್ರ ಒಪ್ಪಿಸಿದ ವರ್ಷಕ್ಕೂ ನಡುವೆ ಐದು ವರ್ಷ ಇದೆ. ಕೆಲವು ತಿಂಗಳ ನಂತರ ತಮ್ಮದೇ ಫೂಟೇಜನ್ನು ನೋಡುವವರಿಗೆ, ತೆಗೆದ ದಿನ ತುಂಬಾ ಚೆನ್ನಾಗಿದೆ ಅನ್ನಿಸಿದ ಶಾಟು ಯಾಕೆ ಬೇಡ ಎಂಬುದೂ ಕಾಣುತ್ತದೆ. ಥೀಸಿಸ್ಸಿನ ಕರಡನ್ನು ಸ್ವಲ್ಪ ದಿನ ಬದಿಗಿಟ್ಟು ಓದಿ ಎಂದು ನಾವು ಹೇಳುವುದೂ ಇದಕ್ಕೇ.

ಕಾಯುವ ವಿಚಾರಕ್ಕೆ ಸತ್ಯಜಿತ್ ರಾಯ್ ಅವರ ಮಾತು ಬಾರದೆ ಇರದು. ‘ಪಥೇರ್ ಪಾಂಚಾಲಿ’ ಶುರುವಾದಾಗ ರಾಯ್ ಕಲ್ಕತ್ತೆಯ ಜಾಹೀರಾತು ಕಂಪನಿಯೊಂದರ ನೌಕರರು. ಗೆಳೆಯರ ಜೊತೆ 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದ್ದರು. ಚಿತ್ರೀಕರಣ ಶುರುವಾದದ್ದು 1952ರ ಅಕ್ಟೋಬರ್ 27ರಂದು. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು, ಅದಕ್ಕೆ ಮೊದಲು ಸಿನಿಮಾ ಕ್ಯಾಮೆರಾ ನಡೆಸಿದವರಲ್ಲ. ಬೆಳ್ಳನೆಯ ಕಾಶ ಹೂವಿನ ಬಯಲಿನಲ್ಲಿ ಒಂದು ದಿನ ಕೆಲಸ ಮಾಡಿ, ಮುಂದಿನ ವಾರ ಮತ್ತೆ ಹೋದರೆ ದನಗಳು ಹೂವನ್ನೆಲ್ಲ ಮೇದುಬಿಟ್ಟಿದ್ದವು. ಆ ದೃಶ್ಯ ಪೂರ್ತಿಯಾಗಲು ಮುಂದಿನ ವರ್ಷದ ಹೂವಿನ ಕಾಲ ಬರಬೇಕಾಯಿತು. ಚಿತ್ರ ಬಿಡುಗಡೆಯಾದದ್ದು 1955ರಲ್ಲಿ. ಇಷ್ಟು ವರ್ಷಗಳಲ್ಲಿ ಅಪುವಿನ ಪಾತ್ರದ ಹುಡುಗನ ಧ್ವನಿ ಒಡೆಯಬಹುದಿತ್ತು, ಅಕ್ಕ ದುರ್ಗಾಳ ಪಾತ್ರದ ಹುಡುಗಿ ದೊಡ್ಡವಳಾಗಿಬಿಡಬಹುದಿತ್ತು, ಮುದುಕಿಯ ಪಾತ್ರ ಮಾಡಿದ ಚುನೀಬಾಲಾ ದೇವಿ ತೀರಿಕೊಳ್ಳಬಹುದಿತ್ತು. ಆ ಮೂರೂ ಆಗದೇ ಹೋದದ್ದು ಪವಾಡ ಎಂದು ರಾಯ್ ಅವರೇ ನೆನೆದಿದ್ದಾರೆ. ವಾರಾಂತ್ಯದ ಸಿನಿಮಾಕ್ಕೆ ಇಳಿಯುವವರು ಈ ಅಪಾಯವನ್ನು ತಿಳಿದೇ ಇಳಿಯಬೇಕು. ಎರಡು ವರ್ಷದ ಎಂ.ಎ. ಮುಗಿದೊಡನೆ ನಿಮ್ಮ ನಟಿ ಊರಿಗೆ ಹೋಗುತ್ತಾಳೆ, ನಿಮ್ಮ ಎಡಿಟರ್ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುತ್ತಾನೆ. ಎರಡು ವರ್ಷದ ಕೂಟಕ್ಕೆ ಹತ್ತು ನಿಮಿಷದ ಸಿನಿಮಾ ಸರಿಯಾದ ಅಳತೆ. ಎರಡು ಗಂಟೆಯದ್ದು ಆಮೇಲೆ ಇದ್ದೇ ಇದೆ.

ಕ್ರಿಸ್ಟೋಫರ್ ನೋಲನ್ ಹೆಸರು ಹೇಳದೆ ಹೋದರೆ ನೀವು ನನ್ನನ್ನು ಬಿಡುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ಓದಿದ್ದು ಇಂಗ್ಲಿಷ್ ಸಾಹಿತ್ಯ. ಅಲ್ಲಿನ ಫಿಲ್ಮ್ ಸೊಸೈಟಿಯಲ್ಲಿ ಅವರೂ ಗೆಳತಿ ಎಮ್ಮಾ ಥಾಮಸ್ ಅವರೂ ವರ್ಷವಿಡೀ 35 ಎಂ.ಎಂ. ಚಿತ್ರಗಳನ್ನು ತೋರಿಸಿ, ಬಂದ ಹಣದಲ್ಲಿ ಬೇಸಿಗೆಯ ರಜೆಯಲ್ಲಿ 16 ಎಂ.ಎಂ. ಚಿತ್ರ ಮಾಡುತ್ತಿದ್ದರು. ಪದವಿಯ ನಂತರ ಮಾಡಿದ ‘ಫಾಲೋಯಿಂಗ್’ 1998ರಲ್ಲಿ ಹೊರಬಂತು. ಎಲ್ಲರಿಗೂ ವಾರವಿಡೀ ಕೆಲಸ ಇದ್ದುದರಿಂದ ಹೆಚ್ಚುಕಡಿಮೆ ಒಂದು ವರ್ಷ ಶನಿವಾರಗಳಲ್ಲೇ ಚಿತ್ರೀಕರಣ ನಡೆಯಿತು. ಫಿಲ್ಮಿಗೆ ದುಡ್ಡು ಇರಲಿಲ್ಲ, ಹಾಗಾಗಿ ಒಂದೆರಡು ಟೇಕಿನಲ್ಲೇ ಮುಗಿಯುವಂತೆ ತಿಂಗಳುಗಟ್ಟಲೆ ರಿಹರ್ಸಲ್ ಮಾಡಿದರು, ಸಿಕ್ಕ ಬೆಳಕಿನಲ್ಲಿ, ಸಿಕ್ಕ ಮನೆಗಳಲ್ಲಿ ತೆಗೆದರು. ಇದರಲ್ಲಿ ನಿಮಗೆ ಬೇಕಾದದ್ದು ರಿಹರ್ಸಲ್. ಮೊಬೈಲಿನಲ್ಲಿ ಟೇಕಿಗೆ ಖರ್ಚಿಲ್ಲ ಎಂದು ಇಪ್ಪತ್ತು ಟೇಕ್ ತೆಗೆಯುತ್ತೀರಿ. ಫಿಲ್ಮಿನ ದುಡ್ಡು ಉಳಿಯುತ್ತದೆ ನಿಜ, ಆದರೆ ಖರ್ಚಾಗುವುದು ಬಿಸಿಲಿನಲ್ಲಿ ನಿಂತ ಗೆಳೆಯರ ಭಾನುವಾರ.

ಆ ಭಾನುವಾರದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನನಗೆ ಅತಿ ಮುಖ್ಯವಾದ ಮಾತು ಇದು. ದುಡ್ಡಿಲ್ಲದ ಸಿನಿಮಾದ ಬಂಡವಾಳ ಇನ್ನೊಬ್ಬರ ಸಮಯ. ಅದು ಎಲ್ಲರ ಹತ್ತಿರ ಒಂದೇ ಅಳತೆಯಲ್ಲಿ ಇಲ್ಲ. ಶನಿವಾರ ಮಧ್ಯಾಹ್ನ ಬಸ್ ಹತ್ತಿ ಊರಿಗೆ ಹೋಗಿ ಹೊಲದ ಕೆಲಸಕ್ಕೆ ಕೈ ಹಾಕುವ ವಿದ್ಯಾರ್ಥಿಗಳು ಇಲ್ಲಿದ್ದೀರಿ. ರಜೆಯ ದಿನ ಟ್ಯೂಷನ್ ಹೇಳಿ, ಅಂಗಡಿಯಲ್ಲಿ ನಿಂತು, ತಿಂಗಳ ಮೆಸ್ ಬಿಲ್ ಹೊಂದಿಸುವವರು ಇದ್ದೀರಿ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಮುಚ್ಚುವ ಹೊತ್ತಿಗೂ ಗಂಡುಮಕ್ಕಳ ಹಾಸ್ಟೆಲಿನದ್ದಕ್ಕೂ ವ್ಯತ್ಯಾಸ ಇರುವ ಕಡೆ, ಸಂಜೆಯ ಬೆಳಕಿನ ದೃಶ್ಯದಲ್ಲಿ ಹುಡುಗಿಯರೇ ಇಲ್ಲದ ಸಿನಿಮಾಗಳು ಹುಟ್ಟುತ್ತವೆ. ಅದು ಕಥೆಯ ಆಯ್ಕೆ ಎಂದು ನೋಡುವವರು ಭಾವಿಸುತ್ತಾರೆ, ನಿಜದಲ್ಲಿ ಅದು ಗೇಟಿನ ಆಯ್ಕೆ. ನಿಮ್ಮ ತಂಡ ಯಾವ ಹೊತ್ತಿಗೆ ಸೇರುತ್ತದೆ ಎಂಬುದನ್ನು ತೀರ್ಮಾನಿಸುವಾಗಲೇ ಯಾರು ಸಿನಿಮಾ ಮಾಡಬಹುದು ಎಂಬುದೂ ತೀರ್ಮಾನವಾಗುತ್ತದೆ. ಬೆಳಗಿನ ಬೆಳಕು ಸಂಜೆಯದ್ದಕ್ಕಿಂತ ಕಡಿಮೆಯೇನಲ್ಲ, ಬೆಳಿಗ್ಗೆ ಆರಕ್ಕೆ ಸೇರಿ.

ಇನ್ನೊಂದು, ನಿರ್ದೇಶಕ ಯಾವಾಗಲೂ ಒಬ್ಬನೇ ಆಗಬಾರದು. ಬರ್ನೆಟ್ ಮತ್ತು ಅವರ ಸಹಪಾಠಿಗಳಲ್ಲಿ ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ದುಡಿಯುವುದು ರೂಢಿಯಾಗಿತ್ತು. ಇಥಿಯೋಪಿಯಾದಿಂದ ಓದಲು ಬಂದಿದ್ದ ಹೈಲೆ ಗೆರಿಮಾ ಅವರ ‘ಬುಶ್ ಮಾಮಾ’ ಚಿತ್ರಕ್ಕೆ ಬರ್ನೆಟ್ ಕ್ಯಾಮೆರಾ ಹಿಡಿದರು. ಬಿಲ್ಲಿ ವುಡ್‌ಬೆರಿ ಅವರ ‘ಬ್ಲೆಸ್ ದೇರ್ ಲಿಟಲ್ ಹಾರ್ಟ್ಸ್’ ಚಿತ್ರಕ್ಕೆ ಚಿತ್ರಕಥೆ ಬರೆದುಕೊಟ್ಟು ಛಾಯಾಗ್ರಹಣವನ್ನೂ ಮಾಡಿದರು. ನಮ್ಮಲ್ಲಿ ಒಬ್ಬ ನಿರ್ದೇಶಕನಾದರೆ ಉಳಿದವರು ಕೊನೆಯವರೆಗೂ ಅವನ ಮೈಕ್ ಹಿಡಿಯುವವರು, ಚಹಾ ತರುವವರು. ಸ್ನೇಹ ಹಳಸುವುದು ಇಲ್ಲಿ. ಈ ಸಲ ನನ್ನದು, ಮುಂದಿನ ಸಲ ನಿನ್ನದು ಎಂಬ ಒಪ್ಪಂದ ಮೊದಲೇ ಆಗಿರಲಿ. ಹಾಗೆಯೇ ಸಿನಿಮಾ ಇಲ್ಲದ ವಾರಾಂತ್ಯಗಳೂ ಬೇಕು. ಸುಮ್ಮನೆ ಪೇಟೆ ಸುತ್ತಲು, ಒಟ್ಟಿಗೆ ಅಡುಗೆ ಮಾಡಿ ಉಣ್ಣಲು, ಯಾರದೋ ಊರಿನ ಜಾತ್ರೆಗೆ ಹೋಗಲು ದಿನ ಉಳಿಸಿಕೊಳ್ಳಿ. ಸೇರಿದಾಗಲೆಲ್ಲ ಕೆಲಸವೇ ಎಂದಾದರೆ ಗೆಳೆಯರು ಸಂಬಳವಿಲ್ಲದ ನೌಕರರಾಗಿಬಿಡುತ್ತಾರೆ.

ಓದಿನ ಪಾಲನ್ನು ಮರೆತು ಮಾತಾಡುತ್ತಿದ್ದೇನೆ ಎಂದು ನನ್ನ ಸಹೋದ್ಯೋಗಿಗಳು ಭಾವಿಸಬಾರದು. ಓದಿಗೂ ಸಿನಿಮಾಕ್ಕೂ ಘರ್ಷಣೆ ಬಂದಾಗ ಓದು ಮೊದಲು. ನಿಮ್ಮ ಫೆಲೋಶಿಪ್ ಜನರ ಹಣ, ನಿಮ್ಮ ಶುಲ್ಕ ಮನೆಯವರ ದುಡಿಮೆ. ಸೆಮಿಸ್ಟರ್ ಕೈಬಿಟ್ಟರೆ ಮರಳಿ ಸಿಗುವುದು ಕಷ್ಟ, ಸಿನಿಮಾ ಕಾಯುತ್ತದೆ. ಆದರೆ ಗೈಡುಗಳಿಗೂ ಒಂದು ಮಾತು ಇದೆ. ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಸ್ವೀಡಿಷ್ ನಿರ್ದೇಶಕ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ನೋಡಲು ಹೋದರು. ಸಬ್‌ಟೈಟಲ್ ಇರಲಿಲ್ಲ, ಮಾತು ತಿಳಿಯಲಿಲ್ಲ, ಬಿಂಬಗಳು ತಿಳಿದವು. ಆ ಸಿನಿಮಾ, ಅದರ ನಂತರ ಗುರುವಿನ ಜೊತೆ ಆಡಿದ ಮಾತು ತಮ್ಮನ್ನು ‘ಸಂಸ್ಕಾರ’ ಬರೆಯುವತ್ತ ತಿರುಗಿಸಿತೆಂದು ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಕಾದಂಬರಿ 1965ರಲ್ಲಿ ಬಂತು, ಪಿಎಚ್.ಡಿ. 1966ರಲ್ಲಿ ಮುಗಿಯಿತು. ಶಿಷ್ಯನ ಜೊತೆ ಸಿನಿಮಾಕ್ಕೆ ಹೋಗುವ ಗುರು ಇದ್ದುದರಿಂದ ಎರಡೂ ಆದವು ಎಂದರೆ ಅತಿಯಾಗದು. ಮುಂದೆ ಆ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರ ಮಾಡಿದಾಗಲೂ ಅದರ ಹಿಂದೆ ಗೆಳೆಯರ ಬಳಗವೇ ಇತ್ತು. ಮದ್ರಾಸಿನ ಪ್ರಕಾಶನ ಸಂಸ್ಥೆಯಲ್ಲಿ ಕೆಲಸ ಮಾಡಿಕೊಂಡು ಮದ್ರಾಸ್ ಪ್ಲೇಯರ್ಸ್ ತಂಡದ ಹವ್ಯಾಸಿ ನಾಟಕಗಳಲ್ಲಿ ತೊಡಗಿಕೊಂಡಿದ್ದ ಗಿರೀಶ ಕಾರ್ನಾಡರು, ಅದೇ ತಂಡದ ಸ್ನೇಹಲತಾ ರೆಡ್ಡಿ, ಜೊತೆಗೆ ಲೇಖಕ ಪಿ. ಲಂಕೇಶ್. ಅಲ್ಲಿಂದ ಕನ್ನಡ ಸಿನಿಮಾಕ್ಕೆ ಬೇರೆಯದೇ ದಾರಿ ತೆರೆಯಿತು.

ನಿಮ್ಮ ಸಿನಿಮಾಗಳಲ್ಲಿ ಬಳಸುವ ಹಾಡಿನ ವಿಚಾರವನ್ನೂ ಚುಟುಕಾಗಿ ಹೇಳುತ್ತೇನೆ. ‘ಕಿಲ್ಲರ್ ಆಫ್ ಶೀಪ್’ ಒಪ್ಪಿಸಿದ ಮೇಲೆ ಚಿತ್ರಮಂದಿರಗಳಲ್ಲಿ ಸರಿಯಾಗಿ ಬಿಡುಗಡೆಯಾದದ್ದು 2007ರಲ್ಲಿ, ಮೂವತ್ತು ವರ್ಷಗಳ ನಂತರ. ಕಾರಣ, ಅದರಲ್ಲಿ ಬಳಸಿದ್ದ ಹಾಡುಗಳ ಹಕ್ಕು ಪಡೆಯದೆ ಇದ್ದದ್ದು. ಕೊನೆಗೆ ಹಕ್ಕುಗಳಿಗೆ ಕೊಟ್ಟ ಹಣ ಸುಮಾರು 1,50,000 ಡಾಲರು. ಹತ್ತು ಸಾವಿರದೊಳಗೆ ಆದ ಚಿತ್ರಕ್ಕೆ ಅಷ್ಟು. ನಿಮ್ಮ ಕಿರುಚಿತ್ರಕ್ಕೆ ಇಷ್ಟದ ಸಿನಿಮಾ ಹಾಡನ್ನು ಎತ್ತಿ ಹಾಕುವ ಮೊದಲು ಇದು ನೆನಪಿರಲಿ. ನಿಮ್ಮ ವಿಭಾಗದಲ್ಲೇ ಜನಪದ ಹಾಡು ಹೇಳುವವರು, ಕೊಳಲು ನುಡಿಸುವವರು ಇರುತ್ತಾರೆ. ಅವರನ್ನು ಕೇಳಿ.

ಕೊನೆಯದಾಗಿ ವಿಶ್ವವಿದ್ಯಾಲಯದ ಮುಂದೆ ಕೆಲವು ಬೇಡಿಕೆಗಳನ್ನು ಇಡುತ್ತೇನೆ. ಅಧ್ಯಕ್ಷರು ವೇದಿಕೆಯ ಮೇಲಿದ್ದಾರೆ, ಆದ್ದರಿಂದ ಇಲ್ಲೇ ಹೇಳುವುದು ಒಳ್ಳೆಯದು. ಟ್ರೈಪಾಡ್, ಒಂದೆರಡು ಒಳ್ಳೆಯ ಮೈಕ್, ದೀಪಗಳು ಶನಿವಾರ, ಭಾನುವಾರ ಯಾವ ವಿಭಾಗದ ವಿದ್ಯಾರ್ಥಿಗೂ ರಿಜಿಸ್ಟರಿನಲ್ಲಿ ಸಹಿ ಮಾಡಿ ಸಿಗುವಂತಾಗಲಿ, ಬೀಗ ಹಾಕಿದ ಕಪಾಟಿನಲ್ಲಿ ಉಳಿಯದಿರಲಿ. ಸೆಮಿಸ್ಟರಿಗೆ ಒಂದು ಸಂಜೆ ಈ ಸಭಾಂಗಣದಲ್ಲಿ ವಿದ್ಯಾರ್ಥಿಗಳ ಚಿತ್ರಗಳು ತೆರೆ ಕಾಣಲಿ, ಮೆಸ್ಸಿನ ಸಿಬ್ಬಂದಿಯನ್ನೂ ಊರಿನವರನ್ನೂ ಕರೆಯಿರಿ. ಇನ್ನು ಚಿತ್ರಗಳನ್ನು ಉಳಿಸುವ ಮಾತು. ಬರ್ನೆಟ್ ಅವರ ಚಿತ್ರವನ್ನು ಮರಳಿ ಸರಿಪಡಿಸಿ 35 ಎಂ.ಎಂ.ಗೆ ತಂದದ್ದು ಅವರು ಓದಿದ ವಿಶ್ವವಿದ್ಯಾಲಯದ ಚಲನಚಿತ್ರ ಸಂಗ್ರಹಾಲಯವೇ. ನಮ್ಮ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಎಲ್ಲರ ಕೈಗೆ ಸಿಗುವಂತೆ ಉಳಿಯುತ್ತಿವೆ, ಅದು ದೊಡ್ಡ ಕೆಲಸ. ಅದೇ ವಿದ್ಯಾರ್ಥಿಗಳು ಮಾಡಿದ ಚಿತ್ರಗಳು ಮಾತ್ರ ಯಾರದೋ ಹಳೆಯ ಫೋನಿನ ಜೊತೆ, ಕೆಟ್ಟುಹೋದ ಹಾರ್ಡ್ ಡಿಸ್ಕಿನ ಜೊತೆ ಕಳೆದುಹೋಗುತ್ತಿವೆ. ನಮ್ಮ ಗ್ರಂಥಾಲಯ ಅವನ್ನೂ ಪಡೆದು, ಎರಡು ಪ್ರತಿಗಳಲ್ಲಿ ಇಡಲಿ. ಒಂದೊಂದಕ್ಕೂ ನಮೂನೆಯೊಂದನ್ನು ತುಂಬಿಸಿಕೊಳ್ಳಲಿ: ತೆಗೆದ ವರ್ಷ, ಜಾಗ, ನಿರ್ದೇಶಿಸಿದವರು, ನಟಿಸಿದವರು, ಮೈಕಿನ ಕೋಲು ಹಿಡಿದವರು, ಥರ್ಮಾಕೋಲ್ ಹಿಡಿದವರು, ಎಲ್ಲರ ಪೂರ್ತಿ ಹೆಸರು. ಮೊದಲ ನಮೂನೆ ಈ ಸೆಮಿಸ್ಟರ್ ಮುಗಿಯುವ ಮುಂಚೆಯೇ ಗ್ರಂಥಾಲಯದ ಕೌಂಟರಿನಲ್ಲಿ ಸಿಗುವಂತಾಗಲಿ ಎಂದು ಕೇಳಿಕೊಳ್ಳುತ್ತೇನೆ.